ನಿಂತಲ್ಲೇ ನಡುಗುವ ಕಾರು: ಗ್ಯಾರೇಜ್‌ಗೆ ಹೋಗುವ ಮುನ್ನ ಮನೆಯಲ್ಲೇ ಕಾರಣ ಪತ್ತೆ ಹಚ್ಚುವುದು ಹೇಗೆ?

ಸಿಗ್ನಲ್‌ನಲ್ಲಿ ಕಾರು ನಿಂತಾಗ ಸ್ಟೇರಿಂಗ್ ಗಡಗಡ ನಡುಗುತ್ತದೆ. ಆರ್‌ಪಿಎಂ ಮುಳ್ಳು ಒಂದೇ ಕಡೆ ನಿಲ್ಲದೆ ಮೇಲೆ ಕೆಳಗೆ ಆಡುತ್ತದೆ. ಏಸಿ ಹಾಕಿದ ಕೂಡಲೇ ಎಂಜಿನ್ ಈಗ ಆಫ್ ಆಗುತ್ತದೋ ಎಂಬಂತೆ ಮುಗ್ಗರಿಸುತ್ತದೆ. ಗಲ್ಫ್‌ನಲ್ಲಿ ಹಳೆಯ ಕಾರು ಓಡಿಸುವವರಿಗೆ ಇದು ಪರಿಚಯದ ತೊಂದರೆ. ನಮ್ಮ ಮೆಕ್ಯಾನಿಕ್‌ಗಳು ಇದನ್ನು 'ಮಿಸ್ಸಿಂಗ್' ಎನ್ನುತ್ತಾರೆ, ಪುಸ್ತಕದ ಭಾಷೆಯಲ್ಲಿ ಇದು ರಫ್ ಐಡ್ಲಿಂಗ್.

ತೊಂದರೆ ದೊಡ್ಡದೇ ಆಗಿರಬೇಕೆಂದಿಲ್ಲ. ಬಿರುಕು ಬಿಟ್ಟ ಒಂದು ರಬ್ಬರ್ ಪೈಪಿನಿಂದಲೂ ಕಾರು ನಡುಗಬಹುದು, ಸುಟ್ಟ ಹೆಡ್ ಗ್ಯಾಸ್ಕೆಟ್‌ನಿಂದಲೂ ನಡುಗಬಹುದು. ಸಮಸ್ಯೆ ಇರುವುದು ಇಲ್ಲೇ. ಕಾರಣ ಹುಡುಕದೆ ಅಂದಾಜಿನ ಮೇಲೆ ಒಂದೊಂದೇ ಪಾರ್ಟ್ ಬದಲಿಸುತ್ತಾ ಹೋದರೆ ಮೊದಲು ಪ್ಲಗ್, ಆಮೇಲೆ ಕಾಯಿಲ್, ನಂತರ ಫ್ಯೂಯೆಲ್ ಪಂಪ್ ಎಂದು ಬಿಲ್ ಏರುತ್ತದೆ, ನಡುಕ ಮಾತ್ರ ಹಾಗೇ ಉಳಿಯುತ್ತದೆ. ಆ ತಿಂಗಳು ಊರಿಗೆ ಕಳುಹಿಸಬೇಕಾದ ಹಣ ಗ್ಯಾರೇಜ್ ಪಾಲಾಗುತ್ತದೆ.

ಒಂದು ಕ್ರಮದಲ್ಲಿ ಹೋದರೆ ಮನೆಯ ಪಾರ್ಕಿಂಗ್‌ನಲ್ಲೇ ಅನೇಕ ಕಾರಣಗಳನ್ನು ಪತ್ತೆ ಹಚ್ಚಬಹುದು. ಕೆಲವನ್ನು ಕೈಯಾರೆ ಸರಿಪಡಿಸಲೂಬಹುದು. ಉಳಿದವುಗಳಿಗೆ ಗ್ಯಾರೇಜ್ ಬೇಕು, ಆದರೆ ಅಲ್ಲಿ ಏನು ಕೇಳಬೇಕು ಎಂಬುದು ನಿಮಗೆ ಗೊತ್ತಿರುತ್ತದೆ. ಈ ಲೇಖನ ಪೆಟ್ರೋಲ್ ಎಂಜಿನ್‌ನ, ನಾಲ್ಕು ಸಿಲಿಂಡರ್‌ನ ಸಾಮಾನ್ಯ ಕಾರುಗಳ ಬಗ್ಗೆ. ಡೀಸೆಲ್ ಪಿಕಪ್‌ಗಳ ಇಂಧನ ಪೈಪ್‌ನಲ್ಲಿ ಅತಿ ಹೆಚ್ಚು ಒತ್ತಡ ಇರುತ್ತದೆ, ಮನೆಯಲ್ಲಿ ಅವುಗಳ ನಟ್ಟು ಸಡಿಲಿಸಲೇಬಾರದು. ಹೈಬ್ರಿಡ್ ಕಾರುಗಳಲ್ಲಿ ಕಿತ್ತಳೆ ಬಣ್ಣದ ಕೇಬಲ್‌ಗಳನ್ನು ಮುಟ್ಟಬಾರದು. ಕಂಪನಿ ಕಾರು, ಬಾಡಿಗೆ ಕಾರು ಅಥವಾ ವಾರಂಟಿ ಇರುವ ಕಾರು ಆಗಿದ್ದರೆ ನೀವು ಏನನ್ನೂ ಬಿಚ್ಚಬೇಡಿ, ಸಂಬಂಧಪಟ್ಟವರಿಗೆ ಬರಹದಲ್ಲಿ ತಿಳಿಸಿ.

ಎಂಜಿನ್ ಒಳಗೆ ಆಗುವುದೇನು?

ಬಿಸಿಯಾದ ಎಂಜಿನ್ ಐಡಲ್‌ನಲ್ಲಿ, ಅಂದರೆ ಎಕ್ಸಲರೇಟರ್ ಮುಟ್ಟದಿದ್ದಾಗ, ಸಾಮಾನ್ಯವಾಗಿ 600ರಿಂದ 800 ಆರ್‌ಪಿಎಂನಲ್ಲಿ ತಿರುಗುತ್ತದೆ. ಬೆಳಿಗ್ಗೆ ತಣ್ಣಗಿರುವಾಗ ಸ್ಟಾರ್ಟ್ ಮಾಡಿದರೆ ಸ್ವಲ್ಪ ಹೊತ್ತು 1000ಕ್ಕಿಂತ ಮೇಲಿದ್ದು ನಿಧಾನವಾಗಿ ಇಳಿಯುತ್ತದೆ. ಇದು ದೋಷವಲ್ಲ.

700 ಆರ್‌ಪಿಎಂನಲ್ಲಿ ಪ್ರತಿ ಸಿಲಿಂಡರ್ ನಿಮಿಷಕ್ಕೆ 350 ಸಲ, ಅಂದರೆ ಸೆಕೆಂಡಿಗೆ ಸುಮಾರು 6 ಸಲ ಉರಿಯುತ್ತದೆ. ನಾಲ್ಕರಲ್ಲಿ ಒಂದು ಉರಿಯದಿದ್ದರೆ ಸೆಕೆಂಡಿಗೆ ಆರು ಸಲ ಎಂಜಿನ್ ತಪ್ಪು ಹೆಜ್ಜೆ ಇಡುತ್ತದೆ. ನಿಮ್ಮ ಸೀಟಿಗೆ, ಸ್ಟೇರಿಂಗ್‌ಗೆ ಬರುವ ನಡುಕ ಅದೇ. ರಸ್ತೆಯಲ್ಲಿ ವೇಗದಲ್ಲಿ ಹೋಗುವಾಗ ಎಂಜಿನ್ ಜೋರಾಗಿ ತಿರುಗುತ್ತಿರುವುದರಿಂದ ಅದೇ ದೋಷ ಮರೆಯಾಗುತ್ತದೆ. 'ಓಡಿಸುವಾಗ ಏನೂ ಇಲ್ಲ, ನಿಂತಾಗ ಮಾತ್ರ' ಎಂದು ಅನೇಕರು ಹೇಳುವುದಕ್ಕೆ ಕಾರಣ ಇದು.

ಸಿಲಿಂಡರ್ ಸರಿಯಾಗಿ ಉರಿಯಲು ನಾಲ್ಕು ವಿಷಯ ಬೇಕು: ಅಳತೆಯ ಗಾಳಿ, ಅಳತೆಯ ಪೆಟ್ರೋಲ್, ಸಮಯಕ್ಕೆ ಸರಿಯಾಗಿ ಕಿಡಿ ಮತ್ತು ಸೋರಿಕೆ ಇಲ್ಲದ ಕಂಪ್ರೆಷನ್. ನಾಲ್ಕೂ ಸರಿಯಿದ್ದೂ ಕಾರು ನಡುಗಿದರೆ ಐದನೆಯದನ್ನು ನೋಡಬೇಕು. ಅದು ಎಂಜಿನ್ ಕುಳಿತಿರುವ ರಬ್ಬರ್ ಮೌಂಟಿಂಗ್. ಇಡೀ ಹುಡುಕಾಟ ಈ ಐದರೊಳಗೇ ನಡೆಯುತ್ತದೆ.

ಕೈ ಹಾಕುವ ಮುನ್ನ

- ಜಾಗ: ಬೇಸ್‌ಮೆಂಟ್ ಅಥವಾ ಮುಚ್ಚಿದ ಶೆಡ್‌ನಲ್ಲಿ ಎಂಜಿನ್ ಓಡಿಸಿ ಕೆಲಸ ಮಾಡಬೇಡಿ. ಸರಿಯಾಗಿ ಉರಿಯದ ಎಂಜಿನ್ ಹೆಚ್ಚು ಕಾರ್ಬನ್ ಮೊನಾಕ್ಸೈಡ್ ಉಗುಳಬಹುದು. ಈ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ತಲೆ ಸುತ್ತಲು ಶುರುವಾಗುವಷ್ಟರಲ್ಲಿ ಏಳುವ ಶಕ್ತಿಯೇ ಇರುವುದಿಲ್ಲ. ಏಸಿ ಹಾಕಿಕೊಂಡು ನಿಂತ ಕಾರಿನಲ್ಲಿ ನಿದ್ದೆ ಮಾಡುವ ಅಭ್ಯಾಸವಿದ್ದರೆ ಇಂದೇ ಬಿಡಿ.
- ಅನುಮತಿ: ಸಾರ್ವಜನಿಕ ಪಾರ್ಕಿಂಗ್‌ನಲ್ಲಿ ಕಾರು ರಿಪೇರಿ ಮಾಡಿದರೆ, ಆಯಿಲ್ ಚೆಲ್ಲಿದರೆ ದಂಡ ಬೀಳಬಹುದು. ಅನೇಕ ಕಟ್ಟಡಗಳಲ್ಲೂ ಬಿಡುವುದಿಲ್ಲ. ವಾಚ್‌ಮ್ಯಾನ್‌ನನ್ನು ಮೊದಲೇ ಕೇಳಿ.
- ಹೊತ್ತು: ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಯುಎಇ ಮತ್ತು ಸೌದಿಯಲ್ಲಿ ಮಧ್ಯಾಹ್ನದ ಬಿಸಿಲಿನಲ್ಲಿ ಹೊರಗಿನ ಕೆಲಸಕ್ಕೆ ನಿಷೇಧ ಇರುವುದು ನಿಮಗೆ ಗೊತ್ತು. ನಿಮ್ಮ ಸ್ವಂತ ಕಾರಿನ ಕೆಲಸಕ್ಕೂ ಅದೇ ನಿಯಮ ಇಟ್ಟುಕೊಳ್ಳಿ. ಬೆಳಗಿನ ಹೊತ್ತು ಒಳ್ಳೆಯದು, ಎಂಜಿನ್ ಕೂಡ ತಣ್ಣಗಿರುತ್ತದೆ.
- ಬಿಸಿ: ಬಿಸಿ ಇರುವಾಗ ರೇಡಿಯೇಟರ್ ಮುಚ್ಚಳ ತೆರೆಯಬೇಡಿ, ಕುದಿಯುವ ನೀರು ಮುಖಕ್ಕೆ ಚಿಮ್ಮುತ್ತದೆ. ಎಂಜಿನ್ ಆಫ್ ಮಾಡಿದ ಮೇಲೂ ರೇಡಿಯೇಟರ್ ಫ್ಯಾನ್ ತಾನಾಗಿ ತಿರುಗಬಹುದು, ಕೈ ದೂರವಿರಲಿ.
- ಬೆಂಕಿ: ಯಾವುದೇ ಸ್ಪ್ರೇ ಬಳಸುವಾಗ ಸಿಗರೇಟು ಬೇಡ. ಓಡುತ್ತಿರುವ ಎಂಜಿನ್ ಮೇಲೆ ಕಾರ್ಬ್ ಕ್ಲೀನರ್, ಬ್ರೇಕ್ ಕ್ಲೀನರ್ ಸಿಂಪಡಿಸಿ ಸೋರಿಕೆ ಹುಡುಕುವ ವಿಡಿಯೋಗಳು ಹರಿದಾಡುತ್ತವೆ. ಬಿಸಿ ಸೈಲೆನ್ಸರ್ ಪೈಪ್ ಮೇಲೆ ಬಿದ್ದರೆ ಅದು ಹೊತ್ತಿಕೊಳ್ಳುತ್ತದೆ. ಅದನ್ನು ಅನುಕರಿಸಬೇಡಿ.

ಮೊದಲ ಕೆಲಸ: ಯಾವಾಗ ನಡುಗುತ್ತದೆ ಎಂದು ಬರೆದಿಡಿ

ಬಾನೆಟ್ ಎತ್ತುವ ಮೊದಲು ಎರಡು ದಿನ ಕಾರನ್ನು ಗಮನಿಸಿ, ಮೊಬೈಲ್‌ನಲ್ಲಿ ಬರೆದಿಟ್ಟುಕೊಳ್ಳಿ. ಇದಕ್ಕೆ ಒಂದು ಫಿಲ್ಸ್ ಖರ್ಚಿಲ್ಲ, ಆದರೆ ಅರ್ಧ ಉತ್ತರ ಇಲ್ಲೇ ಸಿಗುತ್ತದೆ.

1. ತಣ್ಣಗಿರುವಾಗ ಮಾತ್ರ ನಡುಗಿ, ಬಿಸಿಯಾದ ಮೇಲೆ ಸರಿಹೋಗುತ್ತದೆಯೇ? ಸವೆದ ಪ್ಲಗ್, ಸಣ್ಣ ಗಾಳಿ ಸೋರಿಕೆ, ಸೋರುವ ಇಂಜೆಕ್ಟರ್ ಅಥವಾ ಕೂಲಂಟ್ ಟೆಂಪರೇಚರ್ ಸೆನ್ಸರ್ ಕಡೆ ಅನುಮಾನ. ಸ್ಟಾರ್ಟ್ ಮಾಡಿದ ಕೂಡಲೇ ನಡುಕದ ಜೊತೆ ಬಿಳಿ ಹೊಗೆ, ಕೂಲಂಟ್ ಕಡಿಮೆಯಾಗುವುದು ಕೂಡ ಇದ್ದರೆ ಗಂಭೀರ. ಅದರ ಬಗ್ಗೆ ಕೆಳಗೆ ಓದಿ.
2. ಬಿಸಿಯಾದ ಮೇಲೆ ಶುರುವಾಗುತ್ತದೆಯೇ? ಕಾಯಿಲ್ ಕೈಕೊಡುತ್ತಿರಬಹುದು. ಕೆಲವು ಕಾಯಿಲ್‌ಗಳು ಬೆಳಿಗ್ಗೆ ಚೆನ್ನಾಗಿದ್ದು, ಅರ್ಧ ಗಂಟೆ ಟ್ರಾಫಿಕ್‌ನಲ್ಲಿ ಬೆಂದ ಮೇಲೆ ಕಿಡಿ ನಿಲ್ಲಿಸುತ್ತವೆ.
3. ಏಸಿ ಹಾಕಿದಾಗ ಮಾತ್ರವೇ? ಏಸಿ ಕಂಪ್ರೆಸರ್ ಎಂಜಿನ್‌ಗೆ ದೊಡ್ಡ ಹೊರೆ. 45 ಡಿಗ್ರಿ ಸೆಖೆಯಲ್ಲಿ ಗ್ಯಾಸ್ ಒತ್ತಡ ಏರಿ ಆ ಹೊರೆ ಇನ್ನೂ ಹೆಚ್ಚುತ್ತದೆ. ಕೊಳೆಯಾದ ಥ್ರಾಟಲ್ ಬಾಡಿ, ಓಡದ ಕಂಡೆನ್ಸರ್ ಫ್ಯಾನ್, ದುರ್ಬಲ ಆಲ್ಟರ್ನೇಟರ್ ಅಥವಾ ಹಳೆಯ ಮೌಂಟಿಂಗ್ ನೋಡಿ.
4. ಗೇರ್ 'ಡಿ'ಯಲ್ಲಿ ಬ್ರೇಕ್ ಒತ್ತಿ ನಿಂತಾಗ ನಡುಗಿ, 'ಎನ್'ಗೆ ಹಾಕಿದರೆ ನಿಲ್ಲುತ್ತದೆಯೇ? ಆರ್‌ಪಿಎಂ ಮುಳ್ಳೂ ಅಲುಗದೆ ನಿಂತಿದ್ದರೆ ತಪ್ಪು ಎಂಜಿನ್ ಒಳಗಿರುವ ಸಾಧ್ಯತೆ ಕಡಿಮೆ, ಮೌಂಟಿಂಗ್ ಮೇಲೆ ಮೊದಲ ಅನುಮಾನ.
5. ಪೆಟ್ರೋಲ್ ತುಂಬಿಸಿದ ಕೂಡಲೇ ಮಾತ್ರ ಸ್ಟಾರ್ಟ್ ಆಗಲು ಕಷ್ಟ, ನಡುಕ, ಆಮೇಲೆ ಸರಿ? ಟ್ಯಾಂಕ್‌ನ ಆವಿಯನ್ನು ಎಂಜಿನ್‌ಗೆ ಬಿಡುವ ಪರ್ಜ್ ವಾಲ್ವ್ ತೆರೆದೇ ಉಳಿದಿರಬಹುದು.
6. ಬ್ಯಾಟರಿ ಬದಲಿಸಿದ ನಂತರ ಶುರುವಾಯಿತೇ? ಕರೆಂಟ್ ತಪ್ಪಿದಾಗ ಎಂಜಿನ್ ಕಂಪ್ಯೂಟರ್ ತಾನು ಕಲಿತಿದ್ದ ಐಡಲ್ ಅಳತೆಯನ್ನು ಮರೆಯುತ್ತದೆ. ಸ್ವಲ್ಪ ದಿನ ಓಡಿಸಿದರೆ ಅನೇಕ ಕಾರುಗಳು ಮತ್ತೆ ಕಲಿಯುತ್ತವೆ, ಕೆಲವಕ್ಕೆ ಸ್ಕ್ಯಾನರ್‌ನಿಂದ ಕಲಿಸಬೇಕು.

ಬೇಕಾಗುವ ಸಾಮಾನು

10 ಎಂಎಂ ಸಾಕೆಟ್, ಎಕ್ಸ್‌ಟೆನ್ಷನ್ ರಾಡ್, ನಿಮ್ಮ ಕಾರಿಗೆ ಹೊಂದುವ 14 ಅಥವಾ 16 ಎಂಎಂ ಪ್ಲಗ್ ಸಾಕೆಟ್, ಸ್ಕ್ರೂಡ್ರೈವರ್, ಟಾರ್ಚ್, ಸಾಧಾರಣ ಮಲ್ಟಿಮೀಟರ್, ಒಂದು ಮೀಟರ್ ಉದ್ದದ ರಬ್ಬರ್ ಪೈಪ್ ಮತ್ತು ಬ್ಲೂಟೂತ್ ಒಬಿಡಿ ಸ್ಕ್ಯಾನರ್. ಇಎಲ್‌ಎಂ327 ಹೆಸರಿನಲ್ಲಿ ಸಿಗುವ ಈ ಸಣ್ಣ ಡಬ್ಬಿ ಮೊಬೈಲ್ ಆ್ಯಪ್ ಜೊತೆ ಕೆಲಸ ಮಾಡುತ್ತದೆ. ಒಂದು ರೂಮಿನ ನಾಲ್ಕು ಜನ ಸೇರಿ ಒಂದು ಕೊಂಡರೆ ಎಲ್ಲರ ಕಾರಿಗೂ ಆಯಿತು.

ಹಂತ 1: ಕಣ್ಣಿಂದ ನೋಡಿ, ಕಿವಿಯಿಂದ ಕೇಳಿ

ಎಂಜಿನ್ ಆಯಿಲ್ ಮತ್ತು ಕೂಲಂಟ್ ಮಟ್ಟ ನೋಡಿ. ಆಯಿಲ್ ಮುಚ್ಚಳದ ಒಳಭಾಗದಲ್ಲಿ ಹಾಲು ಕಾಫಿ ಬಣ್ಣದ ಕೆನೆ ಅಂಟಿದ್ದರೆ, ಕೂಲಂಟ್ ಪದೇ ಪದೇ ಕಡಿಮೆಯಾಗುತ್ತಿದ್ದರೆ ಇಲ್ಲಿಗೇ ನಿಲ್ಲಿಸಿ, ಮುಂದಿನ ಹಂತಗಳು ಬೇಡ. ನೀರು ಮತ್ತು ಆಯಿಲ್ ಒಳಗೆ ಬೆರೆಯುತ್ತಿರಬಹುದು.

ಬ್ಯಾಟರಿಗೆ ಮಲ್ಟಿಮೀಟರ್ ಇಡಿ. ಎಂಜಿನ್ ಆಫ್ ಇದ್ದಾಗ ಸುಮಾರು 12.6 ವೋಲ್ಟ್, ಓಡುವಾಗ ಸಾಮಾನ್ಯವಾಗಿ 13.5ರಿಂದ 14.7 ವೋಲ್ಟ್ ಇರಬೇಕು. ಓಡುವಾಗಲೂ 13ಕ್ಕಿಂತ ಕೆಳಗಿದ್ದರೆ ಆಲ್ಟರ್ನೇಟರ್ ತೋರಿಸಿ. ಇತ್ತೀಚಿನ ಕೆಲವು ಕಾರುಗಳಲ್ಲಿ ಚಾರ್ಜಿಂಗ್ ವೋಲ್ಟ್ ತಾನಾಗಿ ಇಳಿಯುತ್ತದೆ, ಹಾಗಾಗಿ ಹೆಡ್‌ಲೈಟ್ ಮತ್ತು ಏಸಿ ಹಾಕಿ ಅಳೆಯಿರಿ. ಟರ್ಮಿನಲ್ ಮೇಲೆ ಬಿಳಿ ಹಸಿರು ಪುಡಿ ಕಟ್ಟಿದ್ದರೆ ಸ್ವಚ್ಛಗೊಳಿಸಿ. ಬಿಚ್ಚುವಾಗ ಮೈನಸ್ ಮೊದಲು, ಹಾಕುವಾಗ ಮೈನಸ್ ಕೊನೆಗೆ.

ಏರ್ ಫಿಲ್ಟರ್ ತೆಗೆದು ನೋಡಿ. ಧೂಳು ಬಿರುಗಾಳಿ ಬೀಸಿದ ವಾರದ ನಂತರ ಫಿಲ್ಟರ್ ಮರಳಿನಿಂದ ತುಂಬಿರುವುದು ಇಲ್ಲಿ ಸಹಜ. ಆದರೆ ಫಿಲ್ಟರ್ ಕಟ್ಟಿದರೆ ಕಡಿಮೆಯಾಗುವುದು ಮುಖ್ಯವಾಗಿ ಪಿಕಪ್. ಅದೊಂದರಿಂದಲೇ ಐಡಲ್ ನಡುಗುವುದು ಕಡಿಮೆ. ಫಿಲ್ಟರ್ ಬದಲಿಸಿದೆ, ನಡುಕ ಹೋಗಲಿಲ್ಲ ಎಂದು ಬೇಸರಪಡಬೇಡಿ.

ಹಂತ 2: ಕೋಡ್ ಓದಿ, ಅಳಿಸಬೇಡಿ

ಸ್ಟೇರಿಂಗ್ ಕೆಳಗೆ ಡ್ಯಾಶ್‌ಬೋರ್ಡ್ ಅಡಿಯಲ್ಲಿ 16 ಪಿನ್‌ಗಳ ಒಬಿಡಿ ಕಿಂಡಿ ಇರುತ್ತದೆ. ಸ್ಕ್ಯಾನರ್ ಅದಕ್ಕೆ ಸೇರಿಸಿ, ಕೀ ಆನ್ ಮಾಡಿ, ಕೋಡ್ ಓದಿ. ಬಂದದ್ದರ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ಕೋಡ್ ಅಳಿಸಿದರೆ ಚೆಕ್ ಎಂಜಿನ್ ದೀಪ ಆರುತ್ತದೆಯೇ ಹೊರತು ರೋಗ ಹೋಗುವುದಿಲ್ಲ, ಸಾಕ್ಷಿ ಮಾತ್ರ ಅಳಿಸಿಹೋಗುತ್ತದೆ.

- ಪಿ0301, ಪಿ0302, ಪಿ0303, ಪಿ0304: ಕ್ರಮವಾಗಿ 1, 2, 3, 4ನೇ ಸಿಲಿಂಡರ್ ಮಿಸ್ ಹೊಡೆಯುತ್ತಿದೆ. ಹಂತ 3ಕ್ಕೆ ಹೋಗಿ.
- ಪಿ0300: ಒಂದೇ ಸಿಲಿಂಡರ್ ಅಲ್ಲ, ಅಲ್ಲೊಮ್ಮೆ ಇಲ್ಲೊಮ್ಮೆ ಮಿಸ್ಸಿಂಗ್. ಎಲ್ಲ ಸಿಲಿಂಡರ್‌ಗಳಿಗೂ ಸಂಬಂಧಿಸಿದ ಗಾಳಿ ಸೋರಿಕೆ, ಪೆಟ್ರೋಲ್ ಒತ್ತಡ ಅಥವಾ ಎಲ್ಲ ಪ್ಲಗ್‌ಗಳೂ ಸವೆದಿರುವುದನ್ನು ನೋಡಬೇಕು.
- ಪಿ0171: ಮಿಶ್ರಣ ಲೀನ್, ಅಂದರೆ ಗಾಳಿ ಹೆಚ್ಚು, ಪೆಟ್ರೋಲ್ ಕಡಿಮೆ. ಹಂತ 4.
- ಪಿ0101: ಒಳಬರುವ ಗಾಳಿ ಅಳೆಯುವ ಎಂಎಎಫ್ ಸೆನ್ಸರ್ ಕಡೆಯ ದೂರು. ಪಿ0505: ಐಡಲ್ ನಿಯಂತ್ರಣದ ದೂರು. ಎರಡಕ್ಕೂ ಹಂತ 5.

ಒಂದು ಎಚ್ಚರಿಕೆ. ಕೋಡ್ ಹೇಳುವುದು ದೂರು ಎಲ್ಲಿದೆ ಎಂದು, ಯಾವ ಪಾರ್ಟ್ ಬದಲಿಸಬೇಕು ಎಂದಲ್ಲ. ಪಿ0171 ಬಂದ ಮಾತ್ರಕ್ಕೆ ಆಕ್ಸಿಜನ್ ಸೆನ್ಸರ್ ಬದಲಿಸುವುದು ಹಣ ಪೋಲು ಮಾಡುವ ಸಾಮಾನ್ಯ ದಾರಿ.

ಚೆಕ್ ಎಂಜಿನ್ ದೀಪ ಸ್ಥಿರವಾಗಿ ಉರಿಯದೆ ಮಿಟುಕುತ್ತಿದ್ದರೆ ಕಾರು ಓಡಿಸುವುದನ್ನು ನಿಲ್ಲಿಸಿ. ಉರಿಯದ ಪೆಟ್ರೋಲ್ ಸೈಲೆನ್ಸರ್ ದಾರಿಯ ಕ್ಯಾಟಲಿಟಿಕ್ ಕನ್ವರ್ಟರ್‌ಗೆ ಸೇರಿ ಅಲ್ಲಿ ಉರಿಯುತ್ತದೆ. ಒಂದು ಕಾಯಿಲ್‌ನ ರಿಪೇರಿ ಆಗ ಕನ್ವರ್ಟರ್ ರಿಪೇರಿಯಾಗಿ ಬೆಳೆಯುತ್ತದೆ. ಅದು ಹಾಳಾದರೆ ಮುಲ್ಕಿಯಾ ಅಥವಾ ಇಸ್ತಿಮಾರಾ ನವೀಕರಣದ ತಪಾಸಣೆಯಲ್ಲಿ ಹೊಗೆ ಪರೀಕ್ಷೆಯೂ ಕೈಕೊಡಬಹುದು.

ಹಂತ 3: ಪ್ಲಗ್ ಮತ್ತು ಕಾಯಿಲ್

ಎಂಜಿನ್ ಪೂರ್ತಿ ತಣ್ಣಗಾಗಿರಲಿ. ಬಿಸಿ ಇರುವಾಗ ಪ್ಲಗ್ ಬಿಚ್ಚಿದರೆ ಅಲ್ಯೂಮಿನಿಯಂ ಹೆಡ್‌ನ ಥ್ರೆಡ್ ಕಿತ್ತುಬರಬಹುದು.

ಪ್ರತಿ ಪ್ಲಗ್ ಮೇಲೆ ಒಂದು ಕಾಯಿಲ್, ಅದನ್ನು ಹಿಡಿದಿಡುವ ಒಂದು 10 ಎಂಎಂ ಬೋಲ್ಟ್ ಮತ್ತು ಒಂದು ವೈರ್ ಕನೆಕ್ಟರ್ ಇರುತ್ತದೆ. ಇಲ್ಲಿನ ಬಿಸಿಗೆ ಕನೆಕ್ಟರ್‌ನ ಪ್ಲಾಸ್ಟಿಕ್ ಒಣಗಿ ಹಪ್ಪಳದಂತಾಗಿರುತ್ತದೆ. ಲಾಕ್ ಒತ್ತಿ ಮೆಲ್ಲಗೆ ಎಳೆಯಿರಿ, ವೈರ್ ಹಿಡಿದು ಎಳೆಯಬೇಡಿ. ಎಂಜಿನ್ ಓಡುತ್ತಿರುವಾಗ ಕಾಯಿಲ್ ಕೀಳುವ 'ಟೆಸ್ಟ್' ಬೇಡ, ಶಾಕ್ ಹೊಡೆಯುತ್ತದೆ.

ಸ್ಕ್ಯಾನರ್ ಪಿ0302 ತೋರಿಸಿದೆ ಎಂದಿಟ್ಟುಕೊಳ್ಳಿ. 2ನೇ ಸಿಲಿಂಡರ್‌ನ ಕಾಯಿಲ್ ತೆಗೆದು 3ಕ್ಕೆ ಹಾಕಿ, 3ರದ್ದನ್ನು 2ಕ್ಕೆ ಹಾಕಿ. ಸಾಮಾನ್ಯವಾಗಿ ಬೆಲ್ಟ್ ಇರುವ ಕಡೆಯದು 1ನೇ ಸಿಲಿಂಡರ್. ಸ್ಕ್ರೀನ್‌ಶಾಟ್ ಇರುವುದರಿಂದ ಈಗ ಕೋಡ್ ಅಳಿಸಬಹುದು. ಐಡಲ್‌ನಲ್ಲಿ ಸ್ವಲ್ಪ ಹೊತ್ತು ಓಡಿಸಿ ಮತ್ತೆ ಓದಿ. ಈಗ ಪಿ0303 ಬಂದರೆ ದೋಷ ಕಾಯಿಲ್ ಜೊತೆಗೇ ಹೋಯಿತು, ಆ ಒಂದು ಕಾಯಿಲ್ ಬದಲಿಸಿದರೆ ಸಾಕು. ಪಿ0302 ಹಾಗೇ ಉಳಿದರೆ ಕಾಯಿಲ್ ನಿರಪರಾಧಿ. ಅದೇ ರೀತಿ ಪ್ಲಗ್ ಅದಲು ಬದಲು ಮಾಡಿ ನೋಡಿ. ಆಗಲೂ 2ರಲ್ಲೇ ಉಳಿದರೆ ಆ ಸಿಲಿಂಡರ್‌ನ ಇಂಜೆಕ್ಟರ್, ವೈರಿಂಗ್ ಅಥವಾ ಕಂಪ್ರೆಷನ್ ನೋಡಬೇಕು, ಅದು ಗ್ಯಾರೇಜ್ ಕೆಲಸ. ಒಂದು ಪೈಸೆಯ ಪಾರ್ಟ್ ಕೊಳ್ಳದೆ ಇಷ್ಟು ತಿಳಿಯುತ್ತದೆ.

ಪ್ಲಗ್ ಬಿಚ್ಚುವ ಮೊದಲು ಪ್ಲಗ್ ಗುಂಡಿಯೊಳಗಿನ ಮರಳು ಧೂಳನ್ನು ಊದಿ ತೆಗೆಯಿರಿ, ಕಣ್ಣಿಗೆ ಕನ್ನಡಕ ಇರಲಿ. ಇಲ್ಲದಿದ್ದರೆ ಪ್ಲಗ್ ಹೊರಬರುತ್ತಲೇ ಆ ಮರಳು ನೇರವಾಗಿ ಸಿಲಿಂಡರ್ ಒಳಗೆ ಬೀಳುತ್ತದೆ. ಗುಂಡಿಯಲ್ಲಿ ಆಯಿಲ್ ನಿಂತಿದ್ದರೆ ಮೇಲಿನ ವಾಲ್ವ್ ಕವರ್ ಗ್ಯಾಸ್ಕೆಟ್ ಸೋರುತ್ತಿದೆ. ಆಯಿಲ್ ಒರೆಸಿ ಹೊಸ ಪ್ಲಗ್ ಹಾಕಿದರೆ ಕೆಲವು ದಿನ ಸರಿಹೋಗಬಹುದು, ಗ್ಯಾಸ್ಕೆಟ್ ಬದಲಿಸದಿದ್ದರೆ ನಡುಕ ಮರಳಿ ಬರುತ್ತದೆ.

ಹೊರತೆಗೆದ ಪ್ಲಗ್‌ನ ತುದಿ ನೋಡಿ:
- ತಿಳಿ ಕಂದು ಅಥವಾ ಬೂದು ಬಣ್ಣ: ಆರೋಗ್ಯ ಚೆನ್ನಾಗಿದೆ.
- ಒಣಗಿದ ಕಪ್ಪು ಮಸಿ: ಪೆಟ್ರೋಲ್ ಹೆಚ್ಚಾಗುತ್ತಿದೆ ಅಥವಾ ಕಿಡಿ ದುರ್ಬಲ.
- ಜಿಡ್ಡು ಕಪ್ಪು: ಸಿಲಿಂಡರ್ ಒಳಗೆ ಆಯಿಲ್ ಬರುತ್ತಿದೆ.
- ಸುಣ್ಣದಂಥ ಬಿಳುಪು, ಗುಳ್ಳೆ: ಅತಿ ಬಿಸಿ ಅಥವಾ ಲೀನ್ ಮಿಶ್ರಣ.
- ಪೆಟ್ರೋಲ್‌ನಲ್ಲಿ ಒದ್ದೆ: ಆ ಸಿಲಿಂಡರ್ ಉರಿಯುತ್ತಿಲ್ಲ.

ಸಾಧಾರಣ ನಿಕ್ಕೆಲ್ ಪ್ಲಗ್‌ಗಳ ಆಯುಸ್ಸು ಸುಮಾರು 30ರಿಂದ 40 ಸಾವಿರ ಕಿಲೋಮೀಟರ್, ಇರಿಡಿಯಂ ಪ್ಲಗ್‌ಗಳದ್ದು ಸುಮಾರು ಒಂದು ಲಕ್ಷ. ಬದಲಿಸುವುದಾದರೆ ನಾಲ್ಕನ್ನೂ ಒಟ್ಟಿಗೆ ಬದಲಿಸಿ, ಮ್ಯಾನುಯಲ್‌ನಲ್ಲಿ ಹೇಳಿದ ನಂಬರಿನದ್ದೇ ಇರಲಿ. ನಕಲಿ ಪ್ಲಗ್‌ಗಳು ಮಾರುಕಟ್ಟೆಯಲ್ಲಿವೆ, ಆದ್ದರಿಂದ ಬಿಲ್ ಕೊಡುವ ಅಂಗಡಿಯಲ್ಲೇ ಕೊಳ್ಳಿ. ಹಾಕುವಾಗ ಮೊದಲ ಸುತ್ತುಗಳನ್ನು ಬೆರಳಿನಿಂದಲೇ ತಿರುಗಿಸಿ. ಬಿಗಿಯೆನಿಸಿದರೆ ಥ್ರೆಡ್ ಅಡ್ಡ ಕೂತಿದೆ, ಹೊರತೆಗೆದು ಮತ್ತೆ ಹಾಕಿ. ಕೊನೆಯ ಬಿಗಿ ಮ್ಯಾನುಯಲ್‌ನ ಅಳತೆಯಷ್ಟೇ ಇರಲಿ, ಜಾಸ್ತಿ ಬಲ ಬೇಡ.

ಹಂತ 4: ಕದ್ದು ಒಳನುಗ್ಗುವ ಗಾಳಿ

ಐಡಲ್‌ನಲ್ಲಿ ಎಂಜಿನ್ ಎಳೆದುಕೊಳ್ಳುವ ಗಾಳಿಯೇ ಸ್ವಲ್ಪ. ಆ ಸ್ವಲ್ಪದಲ್ಲಿ ಲೆಕ್ಕಕ್ಕೆ ಸಿಗದ ಗಾಳಿ ಬಿರುಕಿನಿಂದ ನುಗ್ಗಿದರೆ ಮಿಶ್ರಣ ಕೆಡುತ್ತದೆ. ಗಲ್ಫ್‌ನ ಬಿಸಿಗೆ ಬಾನೆಟ್ ಒಳಗಿನ ರಬ್ಬರ್ ಬೇಗ ಗಟ್ಟಿಯಾಗಿ ಬಿರಿಯುವುದರಿಂದ ಹಳೆಯ ಕಾರುಗಳಲ್ಲಿ ಇದನ್ನು ನೋಡದೆ ಬಿಡಬಾರದು.

ಎಂಜಿನ್ ಆಫ್ ಇರುವಾಗ ಏರ್ ಫಿಲ್ಟರ್ ಡಬ್ಬಿಯಿಂದ ಥ್ರಾಟಲ್ ಬಾಡಿಗೆ ಹೋಗುವ ದಪ್ಪ ರಬ್ಬರ್ ಪೈಪನ್ನು ಬಗ್ಗಿಸಿ ಮಡಿಕೆಗಳೊಳಗೆ ಟಾರ್ಚ್ ಬಿಟ್ಟು ನೋಡಿ. ಪಿಸಿವಿ ಪೈಪ್, ಬ್ರೇಕ್ ಬೂಸ್ಟರ್‌ಗೆ ಹೋಗುವ ಪೈಪ್, ಸಣ್ಣ ವ್ಯಾಕ್ಯೂಮ್ ಪೈಪ್‌ಗಳ ತುದಿಗಳನ್ನು ಬೆರಳಿಂದ ಒತ್ತಿ ನೋಡಿ. ಆಮೇಲೆ ಎಂಜಿನ್ ಓಡಿಸಿ, ರಬ್ಬರ್ ಪೈಪ್‌ನ ಒಂದು ತುದಿ ಕಿವಿಗೆ, ಇನ್ನೊಂದು ತುದಿ ಅನುಮಾನದ ಜಾಗದ ಹತ್ತಿರ ಇಡಿ. ಬೆಲ್ಟ್ ಮತ್ತು ಫ್ಯಾನ್‌ನಿಂದ ದೂರವಿರಿ, ಸಡಿಲ ಅಂಗಿ ತೋಳು ಬೇಡ. 'ಸ್‌ಸ್‌' ಎಂಬ ಸದ್ದು ಜೋರಾಗಿ ಕೇಳಿದ ಕಡೆ ಸೋರಿಕೆ ಇದೆ. ಅಲ್ಲಿ ಒಂದಿಷ್ಟು ನೀರು ಚಿಮುಕಿಸಿದಾಗ ಸದ್ದು ಅಥವಾ ಆರ್‌ಪಿಎಂ ಕ್ಷಣ ಬದಲಾದರೆ ಖಚಿತ. ವೈರ್ ಕನೆಕ್ಟರ್ ಮತ್ತು ಕಾಯಿಲ್ ಮೇಲೆ ನೀರು ಬೀಳಬಾರದು.

ಸ್ಕ್ಯಾನರ್ ಆ್ಯಪ್‌ನಲ್ಲಿ 'ಫ್ಯೂಯೆಲ್ ಟ್ರಿಮ್' ಎಂಬ ಎರಡು ಅಂಕಿಗಳಿವೆ, ಶಾರ್ಟ್ ಮತ್ತು ಲಾಂಗ್. ಗಾಳಿಗೆ ಸರಿಯಾಗಿ ಕಂಪ್ಯೂಟರ್ ಎಷ್ಟು ಪೆಟ್ರೋಲ್ ಸೇರಿಸುತ್ತಿದೆ ಅಥವಾ ಕಳೆಯುತ್ತಿದೆ ಎಂಬುದನ್ನು ಅವು ಹೇಳುತ್ತವೆ. ಎರಡನ್ನೂ ಕೂಡಿಸಿ. ಮೊತ್ತ ಪ್ಲಸ್ ಅಥವಾ ಮೈನಸ್ 10 ಶೇಕಡಾ ಒಳಗಿದ್ದರೆ ಚಿಂತೆಯಿಲ್ಲ. ಐಡಲ್‌ನಲ್ಲಿ ಪ್ಲಸ್ 20 ಇದ್ದು, 2500 ಆರ್‌ಪಿಎಂಗೆ ಏರಿಸಿ ಹಿಡಿದಾಗ ಸಾಮಾನ್ಯಕ್ಕೆ ಇಳಿದರೆ ಗಾಳಿ ಸೋರಿಕೆ. ಬದಲಿಗೆ ಎಂಜಿನ್ ಮೇಲೆ ಹೊರೆ ಹೆಚ್ಚಿದಷ್ಟೂ ಅಂಕಿ ಏರಿದರೆ ಪೆಟ್ರೋಲ್ ಸಾಲುತ್ತಿಲ್ಲ ಅಥವಾ ಎಂಎಎಫ್ ಸೆನ್ಸರ್ ತಪ್ಪು ಅಳೆಯುತ್ತಿದೆ.

ಬಿರಿದ ಪೈಪ್‌ಗೆ ಟೇಪ್ ಸುತ್ತುವುದು ಮನೆ ತಲುಪುವುದಕ್ಕೆ ಮಾತ್ರ. ಬಿಸಿಗೆ ಟೇಪ್ ಅಂಟು ಕರಗುತ್ತದೆ, ಹೊಸ ಪೈಪ್ ಹಾಕಿ. ಬ್ರೇಕ್ ಬೂಸ್ಟರ್ ಪೈಪ್ ಬಿರಿದಿದ್ದರೆ ಕಾರನ್ನೇ ಓಡಿಸಬೇಡಿ, ಬ್ರೇಕ್ ಪೆಡಲ್ ಕಲ್ಲಿನಂತಾಗುತ್ತದೆ.

ಹಂತ 5: ಥ್ರಾಟಲ್ ಬಾಡಿ ಮತ್ತು ಎಂಎಎಫ್ ಸ್ವಚ್ಛತೆ

ಥ್ರಾಟಲ್ ಬಾಡಿಯ ತಟ್ಟೆಯಂಥ ಬಾಗಿಲಿನ ಅಂಚಿಗೆ ಕಪ್ಪು ಮಸಿ ಕಟ್ಟಿದರೆ ಐಡಲ್‌ಗೆ ಬೇಕಾದ ಗಾಳಿ ಹೋಗುವುದಿಲ್ಲ. ಏಸಿ ಹಾಕಿದಾಗ ಎಂಜಿನ್ ಮುಗ್ಗರಿಸುವುದಕ್ಕೆ ಇದು ಸಾಮಾನ್ಯ ಕಾರಣ. ಕೀ ಆಫ್ ಮಾಡಿ, ರಬ್ಬರ್ ಪೈಪ್ ಬಿಚ್ಚಿ, ಥ್ರಾಟಲ್ ಕ್ಲೀನರ್ ಅನ್ನು ಬಟ್ಟೆಗೆ ಸಿಂಪಡಿಸಿ ಅಂಚನ್ನು ಒರೆಸಿ. ಒಳಗೆ ಸುರಿಯಬೇಡಿ. ಎಲೆಕ್ಟ್ರಾನಿಕ್ ಥ್ರಾಟಲ್‌ನ ಬಾಗಿಲನ್ನು ಬೆರಳಿಂದ ಬಲವಾಗಿ ತಳ್ಳಬೇಡಿ, ಒಳಗಿನ ಗೇರ್ ಹಾಳಾಗುತ್ತದೆ. ಕೀ ಆನ್ ಇರುವಾಗ ಬೆರಳನ್ನೇ ಹಾಕಬೇಡಿ.

ಸ್ವಚ್ಛ ಮಾಡಿದ ಮೇಲೆ ಐಡಲ್ ಮೊದಲಿಗಿಂತ ಮೇಲೇರಿದರೆ ಗಾಬರಿ ಬೇಡ. ಮಸಿಗೆ ಹೊಂದಿಕೊಂಡಿದ್ದ ಕಂಪ್ಯೂಟರ್ ಹೊಸದಾಗಿ ಕಲಿಯಬೇಕು. ಕೆಲವು ಕಾರುಗಳು ತಾವೇ ಕಲಿಯುತ್ತವೆ. ನಿಸ್ಸಾನ್ ಕಾರುಗಳಲ್ಲಿ ಅನೇಕಕ್ಕೆ 'ಐಡಲ್ ಏರ್ ವಾಲ್ಯೂಮ್ ಲರ್ನಿಂಗ್' ಎಂಬ ಕ್ರಮ ಮಾಡಲೇಬೇಕಾಗುತ್ತದೆ. ಸ್ಕ್ಯಾನರ್ ಇರುವ ಗ್ಯಾರೇಜ್‌ನಲ್ಲಿ ಅದು ಕೆಲವೇ ನಿಮಿಷದ ಕೆಲಸ.

ಎಂಎಎಫ್ ಸೆನ್ಸರ್ ಏರ್ ಫಿಲ್ಟರ್ ಡಬ್ಬಿಯ ನಂತರದ ಪೈಪ್‌ನಲ್ಲಿ ಕೂದಲೆಳೆಯಂಥ ತಂತಿಗಳೊಂದಿಗೆ ಇರುತ್ತದೆ. ಅದಕ್ಕೆಂದೇ ಇರುವ ಎಂಎಎಫ್ ಕ್ಲೀನರ್ ಮಾತ್ರ ಸಿಂಪಡಿಸಿ, ಬಟ್ಟೆ ಬೆರಳು ತಾಗಿಸದೆ ಪೂರ್ತಿ ಒಣಗಿಸಿ ಹಾಕಿ. ಎಂಎಎಫ್ ಇಲ್ಲದ ಕಾರುಗಳೂ ಇವೆ.

ಹಂತ 6: ಎಂಜಿನ್ ಮೌಂಟಿಂಗ್

ಆರ್‌ಪಿಎಂ ನೆಟ್ಟಗಿದ್ದು ಕ್ಯಾಬಿನ್ ಮಾತ್ರ ನಡುಗುವಾಗ ಇದನ್ನು ನೋಡಿ. ಎಂಜಿನ್ ಮೂರು ನಾಲ್ಕು ರಬ್ಬರ್ ಮೌಂಟಿಂಗ್ ಮೇಲೆ ಕುಳಿತಿರುತ್ತದೆ. ರಬ್ಬರ್ ಬಿರುಕು, ಕುಸಿತ ಅಥವಾ ಎಣ್ಣೆಯಂಥ ದ್ರವ ಸೋರಿದ ಗುರುತು ಇದ್ದರೆ ಅದು ಮುಗಿದಿದೆ. 'ಪಿ'ಯಿಂದ 'ಆರ್'ಗೆ ಹಾಕುವಾಗ 'ಟಕ್' ಎಂಬ ಹೊಡೆತವೂ ಅದರ ಲಕ್ಷಣ. ಬದಲಿಸಲು ಎಂಜಿನ್‌ಗೆ ಜಾಕ್ ಕೊಡಬೇಕು, ಮನೆಯಲ್ಲಿ ಬೇಡ. ಗ್ಯಾರೇಜ್‌ನಲ್ಲಿ ಯಾವ ಮೌಂಟಿಂಗ್ ಒಡೆದಿದೆ ಎಂದು ತೋರಿಸಿಕೊಂಡು ಅದನ್ನು ಹಾಕಿಸಿ. ತಶ್ಲೀಹ್‌ನಿಂದ ಹಳೆಯ ಮೌಂಟಿಂಗ್ ತರುವುದರಲ್ಲಿ ಲಾಭವಿಲ್ಲ, ಅದೂ ಇದೇ ಬಿಸಿಯಲ್ಲಿ ಬೆಂದ ರಬ್ಬರೇ.

ಪೆಟ್ರೋಲ್ ನಂಬರ್ ಬದಲಿಸಿದರೆ ಸರಿಹೋಗುತ್ತದೆಯೇ?

ಇಲ್ಲ. ಯುಎಇಯ 91, 95, 98 ಆಗಲಿ, ಸೌದಿಯ 91, 95 ಆಗಲಿ ಆ ಅಂಕಿಗಳು ಆಕ್ಟೇನ್, ಶುದ್ಧತೆಯ ಅಂಕವಲ್ಲ. ಹೆಚ್ಚು ಆಕ್ಟೇನ್ ಹಾಕಿದರೆ ಸವೆದ ಪ್ಲಗ್ ಹೊಸದಾಗುವುದಿಲ್ಲ. ಪೆಟ್ರೋಲ್ ಮುಚ್ಚಳದ ಹತ್ತಿರ ಬರೆದ ನಂಬರ್ ಹಾಕಿ, ಅಷ್ಟು ಸಾಕು.

ಇಲ್ಲಿಗೆ ನಿಲ್ಲಿಸಿ, ಗ್ಯಾರೇಜ್‌ಗೆ ಹೋಗಿ

- ಕೂಲಂಟ್ ಕಡಿಮೆಯಾಗುತ್ತಿದೆ, ಬಿಳಿ ಹೊಗೆ ಬರುತ್ತಿದೆ ಅಥವಾ ಕಾರು ಒಮ್ಮೆ ಓವರ್‌ಹೀಟ್ ಆದ ಮೇಲೆ ನಡುಕ ಶುರುವಾಗಿದೆ. ಹೆಡ್ ಗ್ಯಾಸ್ಕೆಟ್ ಅನುಮಾನ. ಓಡಿಸಬೇಡಿ, ರಿಕವರಿ ವಾಹನ ಕರೆಯಿರಿ.
- ಪೆಟ್ರೋಲ್ ವಾಸನೆ ಬರುತ್ತಿದೆ.
- ಎಂಜಿನ್ ಒಳಗಿಂದ ಕಟಕಟ ಬಡಿತ ಕೇಳುತ್ತಿದೆ ಅಥವಾ ಆಯಿಲ್ ದೀಪ ಉರಿಯುತ್ತಿದೆ.
- ಸಿಗ್ನಲ್‌ನಲ್ಲಿ ಎಂಜಿನ್ ಆಫ್ ಆಗುತ್ತಿದೆ. ಆಫ್ ಆದ ಕಾರಿನಲ್ಲಿ ಸ್ಟೇರಿಂಗ್ ಮತ್ತು ಬ್ರೇಕ್ ಗಟ್ಟಿಯಾಗುತ್ತವೆ. 120ರ ಹೈವೇಯಲ್ಲಿ ಇದು ನಿಮ್ಮ ಜೀವದ ಪ್ರಶ್ನೆ.
- ಎಲ್ಲ ಹಂತ ಮುಗಿದರೂ ಒಂದೇ ಸಿಲಿಂಡರ್‌ನಲ್ಲಿ ಮಿಸ್ಸಿಂಗ್ ಉಳಿದಿದೆ.

ಗ್ಯಾರೇಜ್‌ನಲ್ಲಿ ಕೇಳಬೇಕಾದದ್ದು

'ಕಾರು ನಡುಗುತ್ತದೆ, ನೋಡಿ' ಎಂದಷ್ಟೇ ಹೇಳಿದರೆ ಅಂದಾಜಿನ ರಿಪೇರಿಗೆ ನೀವೇ ಬಾಗಿಲು ತೆರೆದಂತೆ. ಬರೆದಿಟ್ಟದ್ದನ್ನು, ಕೋಡ್‌ನ ಸ್ಕ್ರೀನ್‌ಶಾಟ್ ಅನ್ನು ತೋರಿಸಿ. 'ಕಾಯಿಲ್, ಪ್ಲಗ್ ಅದಲು ಬದಲು ಮಾಡಿ ನೋಡಿದ್ದೇನೆ, 2ನೇ ಸಿಲಿಂಡರ್‌ನಲ್ಲೇ ಉಳಿದಿದೆ, ಕಂಪ್ರೆಷನ್ ಟೆಸ್ಟ್ ಮಾಡಿ' ಎಂದು ಹೇಳಿ. ಗಾಳಿ ಸೋರಿಕೆಯ ಅನುಮಾನವಿದ್ದರೆ ಸ್ಮೋಕ್ ಟೆಸ್ಟ್ ಕೇಳಿ, ಬಿರುಕು ಇರುವಲ್ಲಿ ಹೊಗೆ ಕಣ್ಣಿಗೇ ಕಾಣುತ್ತದೆ. ಪೆಟ್ರೋಲ್ ಅನುಮಾನವಿದ್ದರೆ ಪಂಪ್ ಬದಲಿಸುವ ಮೊದಲು ಫ್ಯೂಯೆಲ್ ಪ್ರೆಷರ್ ಅಳೆಯಲು ಹೇಳಿ.

ಟೆಸ್ಟ್‌ಗೆ ಎಷ್ಟು, ಪಾರ್ಟ್‌ಗೆ ಎಷ್ಟು, ಕೂಲಿ ಎಷ್ಟು ಎಂದು ಮೊದಲೇ ಬೇರೆ ಬೇರೆ ಕೇಳಿ. 'ನನ್ನನ್ನು ಕೇಳದೆ ಏನೂ ಬದಲಿಸಬೇಡಿ' ಎಂದು ವಾಟ್ಸ್ಆ್ಯಪ್‌ನಲ್ಲಿ ಸಂದೇಶ ಹಾಕಿ. ತೆಗೆದ ಹಳೆಯ ಪಾರ್ಟ್ ವಾಪಸ್ ಕೇಳಿ. ಟೆಸ್ಟ್‌ಗೆ ಕೊಡುವ ಹಣ ದಂಡ ಎನಿಸಬಹುದು, ಆದರೆ ಬೇಡದ ಒಂದು ಪಾರ್ಟ್ ತಪ್ಪಿದರೂ ಆ ಹಣ ವಾಪಸ್ ಬಂದಂತೆ.

ರಜೆಯಲ್ಲಿ ಊರಿಗೆ ಹೋಗುವವರಿಗೆ

ಎರಡು ತಿಂಗಳು ಬಿಸಿಲಲ್ಲಿ ನಿಂತ ಕಾರು ಮರಳಿ ಬಂದ ದಿನವೇ ನಡುಗುವುದುಂಟು. ಬ್ಯಾಟರಿ ಇಳಿದಿರುತ್ತದೆ, ಐಡಲ್ ನೆನಪು ಅಳಿಸಿರುತ್ತದೆ, ಪೆಟ್ರೋಲ್ ಹಳತಾಗಿರುತ್ತದೆ. ಹೋಗುವ ಮುನ್ನ ಸಾಧ್ಯವಾದರೆ ನೆರಳಿನಲ್ಲಿ ನಿಲ್ಲಿಸಿ, ಬ್ಯಾಟರಿಯ ಮೈನಸ್ ಬಿಚ್ಚಿಡಿ. ವಿಮೆ ಮತ್ತು ಪರವಾನಗಿ ಇರುವ ಗೆಳೆಯ ವಾರಕ್ಕೊಮ್ಮೆ ಅರ್ಧ ಗಂಟೆ ಓಡಿಸಿದರೆ ಇನ್ನೂ ಒಳ್ಳೆಯದು, ಆಗ ಬ್ಯಾಟರಿ ಬಿಚ್ಚುವುದು ಬೇಡ. ಬಂದ ಮೇಲೆ ಬ್ಯಾಟರಿ ಪೂರ್ತಿ ಚಾರ್ಜ್ ಮಾಡಿ, ಹೊಸ ಪೆಟ್ರೋಲ್ ಹಾಕಿ, ಕೆಲವು ದಿನ ಓಡಿಸಿ. ನಡುಕ ಆಮೇಲೂ ಇದ್ದರೆ ಹಂತ 1ರಿಂದ ಶುರು ಮಾಡಿ.

ಹಳೆಯ ಕಾರು ಕೊಳ್ಳುವಾಗಲೂ ಇದೇ ಕ್ರಮ ಉಪಯೋಗಕ್ಕೆ ಬರುತ್ತದೆ. ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗಲೇ ಹೋಗಿ, ಮೊದಲೇ ಬಿಸಿ ಮಾಡಿಟ್ಟಿದ್ದರೆ ಕಾರಣ ಕೇಳಿ. ಏಸಿ ಹಾಕಿ, 'ಡಿ'ಯಲ್ಲಿ ಬ್ರೇಕ್ ಒತ್ತಿ ಎರಡು ನಿಮಿಷ ಮುಳ್ಳನ್ನೇ ನೋಡಿ. ಸ್ಕ್ಯಾನರ್ ಚುಚ್ಚಿ ಕೋಡ್ ಓದಿ.

ನೆನಪಿಡಬೇಕಾದ್ದು ಮೂರೇ: ಮೊದಲು ಗಮನಿಸಿ ಬರೆದಿಡಿ, ಖರ್ಚಿಲ್ಲದ ಪರೀಕ್ಷೆ ಮೊದಲು ಮಾಡಿ, ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಒಂದೇ ದಿನ ನಾಲ್ಕು ಪಾರ್ಟ್ ಬದಲಿಸಿ ಕಾರು ಸರಿಹೋದರೂ ಯಾವುದರಿಂದ ಸರಿಹೋಯಿತೆಂದು ಗೊತ್ತಾಗುವುದಿಲ್ಲ, ಮೂರರ ಹಣ ಸುಮ್ಮನೆ ಹೋಗಿರುತ್ತದೆ.